ಹೊಸ್ತಿಲಿಗೆ ಬಾರದ ಜಾಲಿ

ಮನುಷ್ಯರ ಪರವಾಗಿ ಸಿಟ್ಟು ಮಾಡಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದು ವರ್ಷದಿಂದ ಒಂದು ಮರದ ಪರವಾಗಿ ಸಿಟ್ಟಾಗಿದ್ದೇನೆ. ಅದೂ ಎಂಥ ಮರ? ಗಂಧವಲ್ಲ, ಬೀಟೆಯಲ್ಲ, ಬಳ್ಳಾರಿ ಜಾಲಿ! ನಿಮಗೂ ನಗು ಬಂತಲ್ಲ? ನಗಿ. ನನ್ನ ಹೆಂಡತಿ ನಕ್ಕಾಗಿದೆ, ಕಾಲೇಜಿನ ಸ್ಟಾಫ್ ರೂಮು ನಕ್ಕಾಗಿದೆ, ಶಿರಾದ ಬಡಗಿಯೊಬ್ಬರು ತುಟಿಯಲ್ಲಿ ಕಚ್ಚಿಕೊಂಡಿದ್ದ ಮೊಳೆ ಉದುರಿಸಿಕೊಂಡು ನಕ್ಕಾಗಿದೆ. ನಗದೇ ಇದ್ದವಳು ನನ್ನ ಅಮ್ಮ ಒಬ್ಬಳೇ. ಅವಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನನ್ನ ದೂರು ಕೇಳಿ. ಮಧುಗಿರಿಯಲ್ಲಿ ಬಸ್ಸು ಹತ್ತಿ ಪಾವಗಡದ ಕಡೆ ಹೋಗಿ, ಅಥವಾ ಕೊರಟಗೆರೆಯಿಂದ ಶಿರಾಕ್ಕೆ ಬನ್ನಿ, ಕಿಟಕಿಯಾಚೆ ನಿಮ್ಮ ಜೊತೆಗೆ ಬರುವುದು ಇದೊಂದೇ. ಕೆರೆಯ ಏರಿ, ಗೋಮಾಳ, ಸ್ಮಶಾನ, ಪಾಳುಬಿದ್ದ ಸರ್ಕಾರಿ ಕ್ವಾರ್ಟರ್ಸು, ಎಲ್ಲಿ ಯಾರೂ ಏನೂ ನೆಡಲಿಲ್ಲವೋ ಅಲ್ಲೆಲ್ಲ ಇದು ತಾನಾಗಿ ಬಂದು ನಿಂತಿದೆ. ಹುಟ್ಟೂರು ಸಮುದ್ರದಾಚೆಯ ಯಾವುದೋ ಒಣಭೂಮಿ. ಬರಡು ನೆಲ ಹಸಿರಾಗಲಿ ಅಂತ ಹಿಂದೆ ಯಾರೋ ಅಧಿಕಾರಿಗಳು ಕರೆಸಿಕೊಂಡರು. ಕರೆದವರು ಹೋದರು, ಬಂದದ್ದು ಉಳಿಯಿತು. ನಾವು ಅದಕ್ಕೆ ಬಳ್ಳಾರಿಯ ಹೆಸರು ಕಟ್ಟಿದೆವು. ಬಳ್ಳಾರಿಯವರು ನಮಗೇನು ಅನ್ಯಾಯ ಮಾಡಿದ್ದರೋ ಗೊತ್ತಿಲ್ಲ. ಪಾವಗಡದಾಚೆ ತೆಲುಗು ಮಾತಾಡುವವರು ಇನ್ನೂ ಚುರುಕು, 'ಸರ್ಕಾರ್ ತುಮ್ಮ', ಅಂದರೆ ಸರ್ಕಾರಿ ಜಾಲಿ, ಅಂತ ಕರೆದು ತಪ್ಪನ್ನೆಲ್ಲ ನೇರವಾಗಿ ಸರ್ಕಾರದ ತಲೆಗೆ ಕಟ್ಟಿಬಿಟ್ಟರು.

ಅಂತರ್ಜಲ ಕುಡಿಯುತ್ತದೆ, ಬೇರೆ ಗಿಡ ಬೆಳೆಯಲು ಬಿಡುವುದಿಲ್ಲ, ಟಯರು ಪಂಚರ್ ಮಾಡುತ್ತದೆ ಅಂತ ಬೈಯುತ್ತಾರೆ. ಬೈಯಲಿ, ಅದರಲ್ಲಿ ನಿಜವೂ ಇದೆ. ನನ್ನ ಸಿಟ್ಟು ಬೇರೆ. ನಮ್ಮ ಸೀಮೆಯ ಅರ್ಧ ಅಡುಗೆ ಬೆಂದಿರುವುದು ಇದರ ಸೌದೆಯಲ್ಲಿ. ಬಸ್ ಸ್ಟ್ಯಾಂಡಿನ ಹೋಟೆಲಿನ ಇಡ್ಲಿ, ಮದುವೆ ಮನೆಯ ಸಾರು, ಇಟ್ಟಿಗೆ ಗೂಡು, ಕುಲುಮೆಯ ಇದ್ದಿಲು, ಎಲ್ಲ ಇದರ ಋಣ. ಕಟ್ಟಕಡೆಗೆ ನಮ್ಮನ್ನು ಸುಡುವುದಕ್ಕೂ ಇದೇ ಬೇಕು. ಇಷ್ಟೆಲ್ಲ ಮಾಡಿಸಿಕೊಂಡ ಮೇಲೂ ಒಬ್ಬನಾದರೂ ಇದನ್ನು ಮರ ಅಂತ ಕರೆಯುವುದಿಲ್ಲ, ಸೌದೆ ಅನ್ನುತ್ತಾನೆ. ಬೇರು ಬಿಟ್ಟುಕೊಂಡು ಹಸಿರಾಗಿ ನಿಂತಿರುವುದನ್ನೇ ಸೌದೆ ಅನ್ನುತ್ತಾನೆ! ಜೀವ ಇರುವಾಗಲೇ ಹೀಗೆ ಕರೆಯುವುದಕ್ಕೆ ನಾಚಿಕೆಯಾಗಬೇಕು.

ಇಷ್ಟು ಜ್ಞಾನ ನನಗೂ ಹುಟ್ಟಿನಿಂದ ಬಂದದ್ದಲ್ಲ. ಶಿರಾದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ನಾನು ಮರದ ಬಗ್ಗೆ ತಿಳಿದುಕೊಂಡದ್ದು ಮನೆ ಕಟ್ಟಿಸಲು ಹೊರಟ ಮೇಲೆ. ಮನೆ ಕಟ್ಟಿಸುವವನಿಗೆ ಎರಡು ರೋಗ ಬರುತ್ತವೆ. ಒಂದು, ಕಂಡವರ ಮನೆಯ ಬಾಗಿಲನ್ನೆಲ್ಲ ತಟ್ಟಿ ನೋಡುವುದು. ಇನ್ನೊಂದು, ಸಿಕ್ಕಿದ್ದನ್ನೆಲ್ಲ ಓದುವುದು. ಹಾಗೆ ಓದುವಾಗ ಹೊರದೇಶದವರು ಮೆಸ್ಕೀಟ್ ಅಂತ ಕರೆದು ನೆಲಕ್ಕೆ ಹಾಸುವ, ಊಟದ ಮೇಜು ಮಾಡುವ, ಸುಟ್ಟ ಮಾಂಸಕ್ಕೆ ಹೊಗೆಯ ಘಮ ಕೂಡಿಸುವ ಬೆಲೆಬಾಳುವ ಮರ ನಮ್ಮ ಜಾಲಿಯ ಒಡಹುಟ್ಟು ಅಂತ ಗೊತ್ತಾಯಿತು. ಅದರ ಗುಣಗಳನ್ನು ಓದುತ್ತಾ ಹೋದಂತೆ ನನ್ನ ಮೈ ಉರಿಯಿತು. ಗಟ್ಟಿ ಅಂದರೆ ಗಟ್ಟಿ. ಒಳತಿರುಳು ಕೆಂಪು ಕಂದು, ಉಜ್ಜಿದಷ್ಟೂ ಹೊಳಪು. ಗೆದ್ದಲು ಹೊರಗಿನ ಹಳದಿ ಪದರವನ್ನು ತಿಂದು, ತಿರುಳಿನ ಹತ್ತಿರ ಬಂದು ಸೋತು ಹಿಂದಿರುಗುತ್ತದೆ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ ಇದು ಅಲುಗುವುದಿಲ್ಲ. ಬೇರೆ ಮರಗಳು ಮಳೆಯಲ್ಲಿ ಉಬ್ಬುತ್ತವೆ, ಬಿಸಿಲಲ್ಲಿ ಕುಗ್ಗುತ್ತವೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ, ಹಾಗಾಗಿ ಸೊಟ್ಟಗಾಗುತ್ತವೆ. ಜಾಲಿ ಕುಗ್ಗುವುದೇ ಅತಿ ಕಡಿಮೆ, ಕುಗ್ಗಿದರೂ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ. ಇಷ್ಟು ಸ್ಥಿರಬುದ್ಧಿ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿಗೂ ಇಲ್ಲ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆವತ್ತೇ ತೀರ್ಮಾನ ಮಾಡಿದೆ. ಬಾಗಿಲು ಬೇಕಾದರೆ ತೇಗದ್ದಾಗಲಿ, ನಮ್ಮ ಹೊಸ ಮನೆಯ ಹೊಸ್ತಿಲು ಮಾತ್ರ ಜಾಲಿಯದು. ಹೊಸ್ತಿಲೆಂದರೆ ನಮ್ಮಲ್ಲಿ ಬರೀ ಮರದ ತುಂಡಲ್ಲ. ಮನೆಯ ಹೆಂಗಸರು ದಿನಾ ಬೆಳಿಗ್ಗೆ ಅದನ್ನು ತೊಳೆದು, ಅರಿಶಿನ ಬಳಿದು, ಕುಂಕುಮವಿಟ್ಟು ಕೈಮುಗಿಯುತ್ತಾರೆ. ಅಲ್ಲಿ ಕೂತರೆ ಬೈಸಿಕೊಳ್ಳುತ್ತೇವೆ, ಅದನ್ನು ತುಳಿದರೆ ಏಟು ತಿನ್ನುತ್ತೇವೆ. ಒಲೆಯಲ್ಲಿ ಉರಿದು ಬೂದಿಯಾಗುವ ಮರಕ್ಕೆ ಅಂಥ ಜಾಗ ಕೊಡಿಸಿ ನಮ್ಮ ಸೀಮೆಯ ಪಾಪ ಕಳೆಯುತ್ತೇನೆ ಅಂತ ನನಗೆ ಹುರುಪು ಬಂತು.

ನಮ್ಮ ಊರು ಹುಲಿಕುಂಟೆಯ ಹತ್ತಿರ. ಅಲ್ಲಿ ಕೆರೆಯ ಏರಿ ಸರಿ ಮಾಡಲು ಬಂದ ಜೆಸಿಬಿ ಒಂದು ಹಳೆಯ ಜಾಲಿಯನ್ನು ಬುಡಸಮೇತ ಕಿತ್ತು ಕೆಡವಿತ್ತು. ಜಾಲಿ ನೆಟ್ಟಗೆ ಬೆಳೆಯುವುದು ಅಪರೂಪ. ಇದರಲ್ಲಿ ಹೇಗೋ ಒಂದು ಹೊಸ್ತಿಲಿಗೆ ಸಾಲುವಷ್ಟು ನೇರವಾದ ಬೊಡ್ಡೆ ಇತ್ತು. ಹೊರಲು ಬಂದ ನಾಲ್ಕು ಜನರ ಉಸಿರು ಹೊರಡಿಸಿ ಅದು ಟೆಂಪೋ ಹತ್ತಿತು. ಆರು ತಿಂಗಳು ನೆರಳಲ್ಲಿ ಒಣಗಿಸಿ, ಶಿರಾದ ನಜೀರ್ ಸಾಬರ ಬಡಗಿ ಶೆಡ್ಡಿಗೆ ತಂದಿಳಿಸಿದೆ. ಮೊಳೆ ಉದುರಿಸಿಕೊಂಡು ನಕ್ಕವರು ಇವರೇ.

"ಸಾರ್, ತಬಿಯತ್ ಸರಿ ಐತಾ? ಇದು ಒಲೆಗೆ ಹಾಕೋ ಸಾಮಾನು. ನನ್ನ ಗರಗಸ ಮೊಂಡಾಗೋಯ್ತದೆ. ಅಲ್ದೆ ನಂದೂ ಒಂದು ಇಜ್ಜತ್ ಅಂತ ಬ್ಯಾಡ್ವಾ? ನಜೀರ್ ಸಾಬಿ ಮೇಷ್ಟ್ರ ಮನೇಗೆ ಸೌದೆ ಹೊಸ್ತಿಲು ಇಕ್ದ ಅಂತ ಊರೆಲ್ಲ ಮಾತಾಡ್ಕಂತಾರೆ."

ನಾನು ಉತ್ತರ ಕೊಡುವ ಮೊದಲು ಅವರ ಕೈಯನ್ನು ನೋಡಿದೆ. ಕೈಯಲ್ಲೊಂದು ಕೊಡತಿ ಇತ್ತು, ಉಳಿಯ ತಲೆಗೆ ಬಾರಿಸುವ ಮರದ ಸುತ್ತಿಗೆ. ಬಳಸಿ ಬಳಸಿ ಕಪ್ಪುಗೆಂಪಾಗಿ ಹೊಳೆಯುತ್ತಿತ್ತು.

"ಅದು ಯಾವ ಮರ ಸಾಬ್ರೇ?"

ಅವರು ಕೊಡತಿಯನ್ನು ಹೊಸದಾಗಿ ನೋಡುವವರಂತೆ ತಿರುಗಿಸಿ ನೋಡಿದರು. "ಇದಾ? ಇದು ಜಾಲೀದೇ ಸಾರ್. ಬೇರೆ ಮರ ಏಟು ತಡೆಯಲ್ಲ. ನಮ್ಮ ಅಬ್ಬಾ ಮಾಡಿದ್ದು."

ನೋಡಿದಿರಾ ಅನ್ಯಾಯ! ಅಪ್ಪನ ಕಾಲದಿಂದ ಮನೆ ಮಂದಿಗೆಲ್ಲ ಅನ್ನ ಹುಟ್ಟಿಸಿದ್ದು ಜಾಲಿ, ಇಜ್ಜತ್ತು ಮಾತ್ರ ತೇಗಕ್ಕೆ. ಅಲ್ಲೇ ನಿಂತು ನಾನು ಅರ್ಧ ಗಂಟೆ ಪಾಠ ಮಾಡಿದೆ. ಪಾಠಕ್ಕೆ ಹೆದರಿಯೋ, ಕೊಡತಿಯ ಮುಖ ನೋಡಿಯೋ, ಸಾಬರು ಒಪ್ಪಿಕೊಂಡರು. ಎರಡು ದಿನ ಬೈದುಕೊಂಡು ಕೊಯ್ದರು. ಮೂರನೇ ದಿನ ಉಜ್ಜಲು ಶುರು ಮಾಡಿದವರು ಬೈಯುವುದನ್ನು ನಿಲ್ಲಿಸಿದರು. ನಾಲ್ಕನೇ ದಿನ ಅವರೇ ಫೋನು ಮಾಡಿ, "ಸಾರ್, ಒಂದ್ಸಲ ಬಂದು ನೋಡ್ರಿ, ಗಜಬ್ ಆಗೈತೆ," ಅಂದರು.

ನಾನು ಅಮ್ಮನನ್ನೂ ಕರೆದುಕೊಂಡು ಹೋದೆ. ಇಲ್ಲೇ ನೋಡಿ, ನನ್ನ ಬುದ್ಧಿ ಕೈಕೊಟ್ಟದ್ದು.

ಗೋಡೆಗೆ ಒರಗಿಸಿದ್ದ ಹಲಗೆಯ ಮೇಲೆ ಅಮ್ಮ ಅಂಗೈ ಆಡಿಸಿದಳು. ಕೆಂಪು ಮೈ, ಒಳಗೆ ಹೊಗೆಯಾಡಿದಂತೆ ಕಪ್ಪು ಗೆರೆಗಳು. "ಅಯ್ಯೋ, ಏನು ನುಣುಪು! ಎಷ್ಟು ಚೆಂದಾಗೈತೆ ಕಣ್ಲಾ. ಹೊನ್ನೆ ಮರಾನಾ?" ಅಂದಳು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನಾನು ಗೆದ್ದಿದ್ದೆ. ಆದರೆ ಮೇಷ್ಟರ ಬಾಯಿ ನೋಡಿ, ಎದೆಯುಬ್ಬಿಸಿಕೊಂಡು, "ಅಲ್ಲಮ್ಮ, ಬಳ್ಳಾರಿ ಜಾಲಿ!" ಅಂದುಬಿಟ್ಟೆ.

ಅವಳ ಕೈ ಥಟ್ಟನೆ ಹಿಂದಕ್ಕೆ ಬಂತು. "ಹೊಸ್ತಿಲಿಗಾ?" ಅಂತ ಕೇಳಿದಳು. ನಾನು ಹೂಂಗುಟ್ಟಿ, ಉಬ್ಬುವುದಿಲ್ಲ, ಕುಗ್ಗುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ ಅಂತ ನನ್ನ ಪಾಠ ಶುರು ಮಾಡಿದೆ. ಮುಗಿಸಲು ಅವಳು ಬಿಡಲಿಲ್ಲ.

"ಆತು ಬುಡು. ಇಕ್ಕು, ನಿನ್ನ ಮನೆ ನಿನ್ನಿಷ್ಟ. ನಾನು ಮಾತ್ರ ಆ ಮನೆ ಒಳಕ್ಕೆ ಕಾಲಿಡಾಕಿಲ್ಲ."

ಅಮ್ಮ ಸುಮ್ಮನೆ ಹೆದರಿಸುವ ಪೈಕಿ ಅಲ್ಲ. ಒಮ್ಮೆ ಬಿಡುತ್ತೇನೆ ಅಂದ ಕಾಫಿಯನ್ನು ಇವತ್ತಿಗೂ ಮುಟ್ಟಿಲ್ಲ. ಅವಳಿಲ್ಲದ ಮನೆಗೆ ನನಗೆ ಹೊಸ್ತಿಲು ಯಾತಕ್ಕೆ? ಆದರೂ ಸಿಟ್ಟು ಬಂತು. "ನೀನೂ ಎಲ್ಲರ ಥರ ಮೂಢನಂಬಿಕೆ ಮಾತಾಡ್ತೀಯಲ್ಲಮ್ಮ. ಮುಳ್ಳಿನ ಮರ ಅಂತ ತಾನೇ? ಹಲಗೆಯಲ್ಲಿ ಎಲ್ಲಿದೆ ಮುಳ್ಳು?" ಅಂತ ರೇಗಿದೆ.

ಅವಳು ಅಲ್ಲೇ ಬಿದ್ದಿದ್ದ ಮರದ ತುಂಡಿನ ಮೇಲೆ ಕೂತು, ಚಪ್ಪಲಿ ಕಳಚಿ, ಬಲಗಾಲನ್ನು ಮುಂದೆ ಚಾಚಿದಳು. "ಇಲ್ಲೈತೆ ನೋಡು," ಅಂದಳು.

ಆ ಹಿಮ್ಮಡಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ ಅಂದುಕೊಂಡಿದ್ದೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಇದೇ ಕೆರೆಯ ಏರಿಯಲ್ಲಿ ಸೌದೆ ಕಡಿಯಲು ಹೋಗಿದ್ದಳು. ಜಾಲಿಯ ಮುಳ್ಳು ಹಿಮ್ಮಡಿಗೆ ಇಳಿದು ಒಳಗೇ ಮುರಿದುಕೊಂಡಿತು. ಕಾಲು ಬಾತು, ಕೀವಾಗಿ, ಆಸ್ಪತ್ರೆಯಲ್ಲಿ ಕುಯ್ಯಿಸಿದರು. ಆಮೇಲೆ ಅವಳ ಆ ಹಿಮ್ಮಡಿ ಪೂರ್ತಿಯಾಗಿ ನೆಲಕ್ಕೆ ಊರಲೇ ಇಲ್ಲ. ಅಮ್ಮ ಕುಂಟುವುದು ನನಗೆ ಅವಳ ನಡಿಗೆಯೇ ಆಗಿಹೋಗಿತ್ತು. ಪರದೇಶದ ಮೇಜಿನ ಕಥೆಯೆಲ್ಲ ಓದಿದ ನನಗೆ ಇದು ನೆನಪಾಗಲಿಲ್ಲ.

"ಉಬ್ಬಲ್ಲ ಕುಗ್ಗಲ್ಲ ಅಂತ ನಂಗೆ ಪಾಠ ಹೇಳ್ತೀಯೇನ್ಲಾ? ಕೊಡ್ಲಿ ಹಾಕಿದ್ರೆ ಕೊಡ್ಲೀನೆ ಎಗರಿ ವಾಪಸ್ ಬರ್ತಿತ್ತು. ಒಂದು ಕೊರಡು ಇಕ್ಕಿದ್ರೆ ಬೆಳಗಾಗೋಗಂಟ ಕೆಂಡ ಇರ್ತಿತ್ತು. ಆ ಬೆಂಕೀಲಿ ಬೇಯ್ಸಿದ ಮುದ್ದೆ ತಿಂದೇ ನೀನು ಮೇಷ್ಟ್ರಾಗಿದ್ದು. ಮರ ಒಳ್ಳೇದು, ನಂಗೊತ್ತು. ನಾನೇನು ಇಲ್ಲ ಅಂದ್ನಾ? ಆದ್ರೆ ದಿನಾ ಎದ್ದು ಅದುಕ್ಕೆ ಅರಿಶಿನ ಕುಂಕುಮ ಇಕ್ಕಿ ಬಗ್ಗಿ ಕೈಮುಗಿ ಅಂತೀಯಲ್ಲ, ಅದು ನನ್ನ ಕೈಲಿ ಆಗಾಕಿಲ್ಲ ಕಣಪ್ಪ."

ನಜೀರ್ ಸಾಬರು ತಲೆ ತಗ್ಗಿಸಿ ಉಳಿ ಒರೆಸತೊಡಗಿದರು. ಇಷ್ಟು ತಿಂಗಳಿಂದ ಊರವರ ಮೇಲೆ ಹಾರಾಡುತ್ತಿದ್ದ ಸಿಟ್ಟು ತಿರುಗಿ ನನ್ನ ಮೇಲೆಯೇ ಬಂತು. ಮರಕ್ಕಾದ ಅವಮಾನ ಕಾಣಿಸಿತಲ್ಲ ನಿನಗೆ, ಪಕ್ಕದಲ್ಲೇ ನಡೆಯುತ್ತಿದ್ದ ಕಾಲು ಕಾಣಿಸಲಿಲ್ಲವೇ ಅಂತ ಮನಸ್ಸಿನಲ್ಲೇ ಉಗಿದುಕೊಂಡೆ.

"ಆಯ್ತಮ್ಮ, ಬೇಡ. ಇದನ್ನ ಒಲೆಗೇ ಹಾಕಿಬಿಡೋಣ," ಅಂದೆ.

"ಒಲೆಗ್ಯಾಕ್ಲಾ?" ಅಮ್ಮ ಮತ್ತೆ ಹಲಗೆಯ ಕಡೆ ನೋಡಿದಳು. "ಇಷ್ಟು ನುಣ್ಣಗೆ ಮಾಡೌರೆ ಪಾಪ. ಮಣೆ ಮಾಡ್ಸು ನಂಗೆ. ಇದು ಇಷ್ಟು ವರ್ಷ ನನ್ನ ಕಾಲಲ್ಲಿ ಕೂತಿತ್ತು, ಇನ್ಮ್ಯಾಗೆ ನಾನು ಇದರ ಮ್ಯಾಲೆ ಕೂತ್ಕಂತೀನಿ."

ಸಾಬರು ಮೊದಲು ನಕ್ಕರು, ಆಮೇಲೆ ನಾವಿಬ್ಬರೂ. ಹೊಸ್ತಿಲಿಗೆ ಮಧುಗಿರಿಯ ಟಿಂಬರ್ ಅಂಗಡಿಯಿಂದ ತೇಗ ಬಂತು, ಬಾಗಿಲೂ ತೇಗದ್ದೇ. ಮಣೆಗೆ ಸಾಬರು ನಾಲ್ಕು ಗಿಡ್ಡ ಕಾಲು ಕೊಟ್ಟು, ನಾನು ಕೇಳದೆಯೇ ಅಂಚಿಗೊಂದು ಬಳ್ಳಿ ಕೆತ್ತಿ, "ಅಮ್ಮಾವ್ರಿಗೆ ಸಾರ್, ನಿಮಗಲ್ಲ," ಅಂತ ತಂದುಕೊಟ್ಟರು. ಗೃಹಪ್ರವೇಶದ ದಿನ ಅಮ್ಮ ಬಲಗಾಲನ್ನೇ ಮುಂದಿಟ್ಟು ಒಳಗೆ ಬಂದಳು. ಅವತ್ತಿನಿಂದ ಮಣೆ ಅವಳ ಸ್ವಂತ ಆಸ್ತಿ. ಬಂದವರಿಗೆ ಪ್ಲಾಸ್ಟಿಕ್ ಕುರ್ಚಿ, ಮಣೆಯ ಮೇಲೆ ಅವಳು ಮಾತ್ರ.

ಈ ಸಲ ಶ್ರಾವಣದಲ್ಲಿ, ನಮ್ಮ ಕಡೆ ಅಪರೂಪಕ್ಕೆ, ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಹಸಿ ತೇಗವನ್ನೇ ಒಣಗಿದ್ದು ಅಂತ ನಮಗೆ ದಾಟಿಸಿದ್ದರು ಅಂತ ಕಾಣುತ್ತದೆ. ಬಾಗಿಲು ಉಬ್ಬಿ ಹೊಸ್ತಿಲಿಗೆ ಕಚ್ಚಿಕೊಂಡಿತು. ಕಾಲೇಜಿನಿಂದ ಬಂದ ನಾನು ಹೊರಗೆ ನಿಂತು ಬಾಗಿಲಿಗೆ ಹೆಗಲು ಕೊಟ್ಟು ತಳ್ಳುತ್ತಿದ್ದೆ. ತಳ್ಳುವಾಗ ತೇಗಕ್ಕೆ, ಅಂಗಡಿಯವನಿಗೆ, ಇಡೀ ತಾಲ್ಲೂಕಿಗೆ ಬೈಯುತ್ತಿದ್ದೆ. ಎದುರುಮನೆಯ ಶಾರದಮ್ಮ ಕುಂಕುಮಕ್ಕೆ ಬಂದವರು ನನ್ನ ಪಾಡು ನೋಡಿ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಒಳಗೆ ಹೋದರು. ಅವರೂ ಮನೆ ಕಟ್ಟಿಸಲು ಪಾಯ ತೆಗೆಸಿದ್ದಾರೆ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು.

"ಇದೇನಜ್ಜಿ, ಮಣೆ ಇಷ್ಟು ಚೆನ್ನಾಗೈತೆ, ಬೀಟೇದಾ?"

"ಜಾಲಿ ಕಣಮ್ಮ, ಬಳ್ಳಾರಿ ಜಾಲಿ. ಉಬ್ಬಾಕಿಲ್ಲ, ಕುಗ್ಗಾಕಿಲ್ಲ, ಗೆದ್ಲು ಮುಟ್ಟಾಕಿಲ್ಲ."

ನಾನು ತಳ್ಳುವುದನ್ನು ನಿಲ್ಲಿಸಿದೆ. ಒಳಗೆ ಮಣೆಯ ಮೇಲೆ ಅಮ್ಮ ಸರಿಯಾಗಿ ಕೂತುಕೊಂಡ ಸದ್ದಾಯಿತು.

"ನಿನ್ನ ಕಾಲಿಗೇನೂ ಚುಚ್ಚಿಲ್ವಲ್ಲ ತಾಯಿ," ಅಂದಳು, "ನೀನು ಹೊಸ್ತಿಲಿಗೆ ಇದನ್ನೇ ಹಾಕ್ಸು."