ಅವ್ವನ ದಂಡೆಗೆ

ನನ್ನ ತವರು ಹಿನ್ನೀರಿನ ಎದುರು ದಂಡೆಗಿದೆ. ಬಟ್ಟೆ ಒಗೆಯಲು ಇಳಿದರೆ ಅವ್ವನ ಮನೆಯ ಬೇವಿನ ಮರ ಕಾಣುತ್ತದೆ. ಕಂಡೂ ಹೋಗಲಾಗದ ತವರು ಯಾವ ವೈರಿಗೂ ಬೇಡ. ಸವದತ್ತಿಯಲ್ಲಿ ಬಸ್ಸು ಬದಲಿಸಿ ಸುತ್ತಿಕೊಂಡು ಹೋಗುವಷ್ಟರಲ್ಲಿ ಅರ್ಧ ದಿನ ಮುಗಿದು, ಕುಂಡಿ ಊರುವ ಮೊದಲೇ ಕೊನೆಯ ಬಸ್ಸಿನ ಚಿಂತೆ ಹತ್ತುತ್ತದೆ. ನಮ್ಮ ಮನೆಯವರು ಮೀನು ಹಿಡಿಯುತ್ತಾರೆ, ಒಂದು ಇಂಜಿನ್ನಿನ ದೋಣಿಯೂ ಇದೆ. ಆದರೆ ಅವರಿಗೆ ಸದಾ ಬಲೆಯ ಅವಸರ. ನಾನೇ ಕಲಿಯುತ್ತೇನೆಂದು ಹಟ ಹಿಡಿದೆ.

ನಡೆಸುವುದೇನು ಕಷ್ಟವಲ್ಲ, ದಂಡೆಗೆ ಹಚ್ಚುವುದು ಕಷ್ಟ. ಮದುವೆಗೆ ಮುಂಚೆ ಅಪ್ಪನ ಚಕ್ಕಡಿ ಹೊಡೆದ ಕೈ ನನ್ನದು; ಬಲಕ್ಕೆ ಹೋಗಲು ಬಲಗಡೆಯ ಹಗ್ಗ ಜಗ್ಗಿಯೇ ರೂಢಿ. ಇಂಜಿನ್ನಿನ ಹಿಡಿಕೆಯನ್ನು ಬಲಕ್ಕೆ ಜಗ್ಗಿದರೆ ದೋಣಿ ಎಡಕ್ಕೆ ಹೋಗುತ್ತದೆ! ಪ್ರತಿ ಸಲ ಕಲ್ಲಿಗೆ ಗುದ್ದುತ್ತಿದ್ದೆ. ಗುದ್ದುವ ಮುಂಚೆ "ಹೋ, ಹೋ" ಎಂದು ಬೇರೆ ಕೂಗುತ್ತಿದ್ದೆ.

"ಅದೇನ ಎತ್ತ ಅಂತ ತಿಳದೀಯೇನ? ಇದಕ್ಕ ಕಿವೀನೂ ಇಲ್ಲ, ಬ್ರೇಕೂ ಇಲ್ಲ. ದೂರ ಇದ್ದಾಗನ ಗೇರ್ ಬಿಡು, ಬಂದ ಓಟದಾಗ ತಾನ ತೇಲಕೋತ ಬರತೈತಿ. ತಿರುಗಸಬೇಕಂದ್ರ ಒಂದೀಟು ಗೇರ್ ಹಾಕಿ ತಗಿ," ಎಂದು ಮನೆಯವರು ನಗುತ್ತಿದ್ದರು.

ಆ ಒಂದೀಟು ಕೈಗೆ ಹತ್ತಲು ಮಳೆಗಾಲ, ಚಳಿಗಾಲ ಎರಡೂ ಕಳೆದವು. ಕಳೆದ ಬೇಸಿಗೆಯ ಒಂದು ಮುಂಜಾನೆ, "ಇನ್ನ ಒಬ್ಬಾಕೀನ ಹೋಗು" ಎಂದರು. ಅವ್ವನಿಗೆ ಫೋನ್ ಮಾಡಿ ಹೊರಟೆ.

ಅವ್ವ ತಲೆಯ ಮೇಲೆ ಸೆರಗು ಹೊದ್ದು ದಂಡೆಯಲ್ಲಿ ನಿಂತಿದ್ದಳು. ದೂರದಲ್ಲೇ ಗೇರ್ ಬಿಟ್ಟೆ. ದೋಣಿ ನೆಟ್ಟಗೆ, ಸದ್ದಿಲ್ಲದೆ ಅವಳ ಕಡೆಗೇ ತೇಲಿತು. ಆಮೇಲೆ ದಂಡೆ ಮುಟ್ಟುವ ಮೊದಲೇ ಅಡಿ ಕೆಸರಿಗೆ ತಾಗಿ ನಿಂತುಬಿಟ್ಟಿತು. ನಮ್ಮದು ಕಲ್ಲಿನ ದಂಡೆ, ನೀರಿಳಿದರೂ ತೊಂದರೆಯಿಲ್ಲ. ಇಲ್ಲಿ ನೀರು ಸರಿದ ಜಾಗದಲ್ಲೆಲ್ಲ ಸೊಂಟದವರೆಗೆ ಹೂತುಹೋಗುವ ರಾಡಿ. ಅವ್ವ ಫೋನಿನಲ್ಲಿ ರಾಡಿಯ ಮಾತೇ ಎತ್ತಿರಲಿಲ್ಲ. ಎತ್ತಿದ್ದರೆ ನಾನು ಬರುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸೀರೆ ಎತ್ತಿಕಟ್ಟಿ ಇಳಿಯಲು ಬಂದಳು.

"ಇಳೀಬ್ಯಾಡಬೇ!" ಎಂದು ಚೀರಿದೆ.

ನಿಂತಳು. ಅಲ್ಲಿಂದಲೇ, "ತಲಿಗೆ ಎಣ್ಣಿ ಹಚ್ಚಿಲ್ಲೇನ? ಸೊರಗೀಯಲ್ಲವಾ" ಎಂದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕೆಂದು ಜೀವ ಚಡಪಡಿಸಿತು. ಕೂಗಿ ಕೂಗಿ ಮಾತಾಡಿ ಇಬ್ಬರ ಗಂಟಲೂ ಕಟ್ಟಿದವು.

ಬಿಸಿಲೇರಿದ ಮೇಲೆ ಗಳ ಊರಿ ದೋಣಿಯನ್ನು ರಾಡಿಯಿಂದ ಬಿಡಿಸಿ, ಹಿಂದಕ್ಕೆ ಸರಿಸುವ ಗೇರ್ ಹಾಕಿದೆ. ಹಾಗೆ ಸರಿಯುವಾಗ ದೋಣಿಯ ಮೂತಿ ದಂಡೆಯ ಕಡೆಗೇ ಇರುತ್ತದೆ, ಹಿಡಿಕೆ ಹಿಡಿದು ಕೂತವರ ಮುಖವೂ. ನಾಲ್ಕು ಮಾರು ಸರಿದು ತಿರುಗಿಸಿದರೆ ಸಾಕಿತ್ತು. ನಾನು ತಿರುಗಿಸಲಿಲ್ಲ. ಅವ್ವ ಕಣ್ಣಿಗೆ ಕಾಣುವಷ್ಟು ಹೊತ್ತೂ ಹಿಂದಕ್ಕೇ ಹೋದೆ.