ಕಲ್ಲುಸಕ್ಕರೆ ಕೊಟ್ಟು ಕರೆದ ಲೇಡೀಸು

ಆಗೆಲ್ಲ ನಮ್ಮ ಅಜ್ಜಂಪುರದ ಹುಡುಗಿ ಇಂಗ್ಲಿಷ್ ಓದಬೇಕೆಂದರೆ ರೈಲ್ವೆ ಸ್ಟೇಷನ್ನಿಗೇ ಹೋಗಬೇಕಿತ್ತು. ಮಹಾರಾಜರ ಕಾಲ. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕನ್ನಡ, ಲೆಕ್ಕ, ಹೊಲಿಗೆ ಬಿಟ್ಟರೆ ಬೇರೇನೂ ಇರಲಿಲ್ಲ. ನನಗೋ ಇಂಗ್ಲಿಷಿನ ಹುಚ್ಚು. ನನ್ನ ಕಾಟ ತಾಳಲಾರದೆ, ಮೈಸೂರಿನಿಂದ ಬಂದಿದ್ದ ಟೀಚರಮ್ಮ ಸ್ಕೂಲು ಬಿಟ್ಟ ಮೇಲೆ ಅಕ್ಷರ ಹೇಳಿಕೊಟ್ಟರು. ಕಲಿತದ್ದನ್ನು ಓದಲು ಪುಸ್ತಕವೆಲ್ಲಿ? ಅವರೆಕಾಯಿ ಕಾಲದ ಸಂಜೆಗಳಲ್ಲಿ, ಬೇಯಿಸಿದ ಕಾಯಿಯನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು, ಸ್ಟೇಷನ್ನಿನ ಬೇಲಿಗೆ ಒರಗಿ, ಬಂದ ರೈಲಿನ ಡಬ್ಬಿ ಡಬ್ಬಿಯ ಬೋರ್ಡನ್ನೂ ಕೂಗಿ ಓದುತ್ತಿದ್ದೆ. ಕಲ್ಲಿದ್ದಲ ಹೊಗೆ, ಅವರೆಯ ಸೊಗಡು, ಇವೆರಡರಲ್ಲಿ ಯಾವುದು ಮೂಗಿಗೆ ಬಡಿದರೂ ಇವತ್ತಿಗೂ ನನಗೆ ಆ ಬೋರ್ಡುಗಳು ನೆನಪಾಗುತ್ತವೆ.

ಓದಿ ಓದಿ ತಲೆ ಕೆಟ್ಟುಹೋಯಿತು. ರೈಲಿನ ಮೂರನೇ ಕ್ಲಾಸಿನಲ್ಲಿ ಹೆಂಗಸರು ಕೂರುವ ಡಬ್ಬಿಯ ಮೇಲೆ ‘ಫೀಮೇಲ್ಸ್’ ಎಂದಿತ್ತು. ದೊಡ್ಡ ಟಿಕೆಟ್ಟಿನವರು ಕಾಯುವ ಕೋಣೆಯ ಮೇಲೆ ‘ಲೇಡೀಸ್’. ಟೀಚರಮ್ಮನ ಪುಸ್ತಕದಲ್ಲಿ ನೋಡಿದರೆ ‘ವಿಮೆನ್’. ಮರುದಿನ ಕೇಳಿಯೇಬಿಟ್ಟೆ.

“ಹೆಂಗಸ್ರಿಗೆ ಮೂರು ಮೂರು ಹೆಸ್ರು ಯಾಕ್ರಮ್ಮ?”

ಟೀಚರಮ್ಮ ಹೊಲಿಗೆ ಕೆಳಗಿಟ್ಟರು. “ವಿಮೆನ್ ಅನ್ನೋದು ಅವರ ಹಳೇ ಮನೆಮಾತು, ಎಲ್ಲಾ ಹೆಂಗಸರಿಗೂ ಸಲ್ಲುತ್ತೆ. ಫೀಮೇಲ್ ಅನ್ನೋದು ಫ್ರಾನ್ಸಿನ ಕಡೆಯಿಂದ ಬಂದಿದ್ದು. ಹಸುಗೂ ಅದೇ, ಹೆಂಗಸಿಗೂ ಅದೇ.”

ನನಗೆ ರೇಗಿಹೋಯಿತು. “ಅಂಗಾರೆ ನಮ್ಮವ್ವ ತರೀಕೆರೆಗೆ ಹೋಗೋದು ಹಸಿನ ಡಬ್ಬೀಲಾ?”

ಅವರು ಬಿದ್ದು ಬಿದ್ದು ನಕ್ಕರು. “ಲೇಡಿ ಕಥೆ ಕೇಳು. ಸಾವಿರ ವರ್ಷದ ಹಿಂದೆ ಆ ಮಾತಿಗೆ, ಮನೆಮಂದಿಗೆಲ್ಲ ರೊಟ್ಟಿ ಹಿಟ್ಟು ನಾದೋಳು ಅಂತ ಅರ್ಥ ಇತ್ತಂತೆ. ಆಮೇಲೆ ಮನೆ ಯಜಮಾನಿ ಆದ್ಳು, ಆಮೇಲೆ ದೊರೆಸಾನಿ ಆದ್ಳು. ಈಗ ಹಿಟ್ಟೇ ಮುಟ್ಟದೋರಿಗೆ ಲೇಡಿ ಅಂತಾರೆ.”

ನಾನು ಒಂದೇ ಉಸಿರಿಗೆ ಮನೆಗೆ ಓಡಿದೆ. ನಮ್ಮ ಮನೆಯಲ್ಲಿ ಹಿಟ್ಟು ನಾದುವವಳು ಚನ್ನತ್ತೆ. ಅಪ್ಪನ ಅಕ್ಕ; ಗಂಡ ಪ್ಲೇಗಿನಲ್ಲಿ ಹೋದ ಮೇಲೆ ಎಳೆ ವಯಸ್ಸಿನಲ್ಲೇ ತವರಿಗೆ ಬಂದು ಒಲೆಯ ಮುಂದೆ ಕೂತವಳು. “ಅತ್ತೆ, ನೀನು ಲೇಡಿ ಕಣತ್ತೆ!” ಎಂದು ಕೂಗಿದೆ.

“ಥೂ, ಅದೇನು ಬೈಗುಳನೇ?” ಎಂದು ಹಿಟ್ಟಿನ ಕೈಯಲ್ಲೇ ಕೆನ್ನೆಗೆ ತಿವಿದಳು. ಕಥೆ ಹೇಳಿದ ಮೇಲೆ ರೊಟ್ಟಿ ಸೀದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಆ ವಾರವೇ ಊರಿಗೆ ಸುದ್ದಿ ಬಂತು. ಶಿವಮೊಗ್ಗದಿಂದ ಡಾಕ್ಟರಮ್ಮ ಬರುತ್ತಾರಂತೆ, ಕೂಸು ಸಾಕುವ ಬಗೆ ಹೇಳುತ್ತಾರಂತೆ, ಹಾಡುವ ಪೆಟ್ಟಿಗೆ ತರುತ್ತಾರಂತೆ! ಸ್ಕೂಲಿನಲ್ಲಿ ಲೇಡೀಸ್ ಮೀಟಿಂಗು. ಅಚ್ಚಿಕಲ್ಲು, ಕುಂಟೆಬಿಲ್ಲೆ ಆಟಗಳೆಲ್ಲ ಮೂಲೆ ಸೇರಿದವು. ನಮಗೆ ಬೇರೆ ಮಾತೇ ಇಲ್ಲ. ನಮ್ಮೆಲ್ಲರಿಗಿಂತ ಹೆಚ್ಚು ಚಡಪಡಿಸಿದವಳು ಚನ್ನತ್ತೆ. “ಪೆಟ್ಟಿಗೆ ನಿಜಕ್ಕೂ ಹಾಡ್ತದೇನೇ? ಒಳಗ್ಯಾರೂ ಇರಲ್ವಾ?” ಅವಳದೂ ಏನು ಕಂಠ! ರಾಗಿ ಬೀಸುತ್ತ ಹಾಡಿದರೆ ದಾರಿಯಲ್ಲಿ ಹೋಗುವವರು ನಿಲ್ಲುತ್ತಿದ್ದರು. ಆದರೂ ಮದುವೆಮನೆಯ ಸೋಬಾನೆಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

“ನೀನೂ ಬಾ ಅತ್ತೆ.”

“ಕರೀದೆ ಹೆಂಗೆ ಬರ್ಲೇ? ಕುಂಕುಮದ ಬಟ್ಲು ಹಿಡ್ಕಂಡು ಬಂದವ್ರು ನನ್ನ ಕಂಡ್ರೆ ಮಕ ತಿರುಗಿಸ್ತಾರೆ.”

ನಮ್ಮ ಕಡೆ ಹೆಂಗಸರನ್ನು ಯಾವುದಕ್ಕೆ ಕರೆಯಬೇಕಾದರೂ ಹಣೆಗೆ ಕುಂಕುಮ ಹಚ್ಚಿಯೇ ಕರೆಯಬೇಕು. ಹಾಗೆ ಕರೆಸಿಕೊಂಡವರು ಮುತ್ತೈದೆಯರು. ಆ ಮಾತಿನೊಳಗೆ ಚನ್ನತ್ತೆಗೆ ಜಾಗವಿರಲಿಲ್ಲ. ಕರೆಯದೆ ಹೋಗುವುದೆಂದರೆ ಮಾನಗೇಡು. ನನಗೆ ಅಳುವೇ ಬಂತು.

ಮೀಟಿಂಗಿನ ಬೆಳಿಗ್ಗೆ ಟೀಚರಮ್ಮ ನಮಗೆ ಒಬ್ಬೊಬ್ಬರಿಗೆ ಒಂದೊಂದು ಬೀದಿ ಹಂಚಿದರು. ನನ್ನ ಕೈಗೆ ಕುಂಕುಮದ ಬಟ್ಟಲು, ಬಾಯಿ ಸಿಹಿಗೆಂದು ಕಲ್ಲುಸಕ್ಕರೆಯ ಡಬ್ಬಿ ಕೊಟ್ಟು, “ಲೇಡೀಸ್‌ನೆಲ್ಲ ಕರೆದು ಬಾ, ಒಬ್ಬರನ್ನೂ ಬಿಡಬೇಡ” ಎಂದರು. ಅಷ್ಟು ಸಾಕಾಯಿತು ನನಗೆ. ಮೊದಲ ಮನೆಯ ಸೊಸೆಯರಿಗೆಲ್ಲ ಕುಂಕುಮ ಹಚ್ಚಿ ಸಕ್ಕರೆ ಕೊಟ್ಟೆ. ಆದರೆ ಹೊಸ್ತಿಲು ಬಿಟ್ಟು ಕದಲಲಿಲ್ಲ.

“ನಿಮ್ಮನೇಲಿ ರೊಟ್ಟಿ ಬಡಿಯೋರು ಯಾರು? ಅವ್ರನ್ನೂ ಕರೀಬೇಕು” ಎಂದೆ.

ಒಳಗಿನಿಂದ ಚನ್ನತ್ತೆಯಂಥವಳೇ ಒಬ್ಬಳು ಕೈ ಒರೆಸಿಕೊಳ್ಳುತ್ತ ಬಂದಳು. ಬೀದಿಯುದ್ದಕ್ಕೂ ಹಾಗೆಯೇ ಆಯಿತು. ಹೊಗೆಗಣ್ಣಿನ ಹೆಂಗಸರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರ ಅಂಗೈಗೆ ಕಲ್ಲುಸಕ್ಕರೆ ಇಟ್ಟು ಕರೆದೆ. ಸಕ್ಕರೆಗೆ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಒಬ್ಬಳಂತೂ ಮುಷ್ಟಿ ಮುಚ್ಚುವುದನ್ನೇ ಮರೆತು ನಿಂತಿದ್ದಳು. ಕೊನೆಗೆ ನಮ್ಮ ಮನೆಗೆ ಬಂದು ಚನ್ನತ್ತೆಯ ಅಂಗೈಗೂ ಸಕ್ಕರೆ ಇಟ್ಟೆ.

“ಹಿಂಗೆ ಕರೀ ಅಂತ ಯಾರೇ ಹೇಳಿದ್ದು?” ಅವ್ವ ಕಣ್ಣು ಬಿಟ್ಟಳು.

“ಟೀಚರಮ್ಮ. ಲೇಡೀಸ್‌ನೆಲ್ಲ ಅಂದ್ರು.”

ಅವ್ವ ನನ್ನನ್ನೊಮ್ಮೆ ನೋಡಿದಳು, ಚನ್ನತ್ತೆಯ ಅಂಗೈಯಲ್ಲಿದ್ದ ಸಕ್ಕರೆಯನ್ನೊಮ್ಮೆ ನೋಡಿದಳು. “ಏಳು ಅತ್ತಿಗೆ, ಹೊತ್ತಾಯ್ತದೆ. ರೊಟ್ಟಿ ಬಂದು ಬಡಿಯಾನ” ಎಂದಳು.

ಸ್ಕೂಲಿನಲ್ಲಿ ಜಮಖಾನ ಹಾಸಿತ್ತು. ರೇಷ್ಮೆ ಸೀರೆಗಳು ಮುಂದೆ ಕೂತಿದ್ದವು. ನಾನು ಕರೆದವರೆಲ್ಲ ಬಾಗಿಲಲ್ಲೇ ಗುಂಪಾಗಿ ನಿಂತುಬಿಟ್ಟರು. ಪಟೇಲರ ಹೆಂಡತಿ ತಿರುಗಿ ನೋಡಿ, “ಇವ್ರನ್ನ ಯಾರು ಕರ್ದಿದ್ದು?” ಎಂದರು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಟೀಚರಮ್ಮನ ಕಡೆ ತಿರುಗಿದೆ.

“ನೀವೇ ಅಂದ್ರಲ್ಲ ಟೀಚರಮ್ಮ, ಹಿಟ್ಟು ನಾದೋರೇ ಲೇಡೀಸು ಅಂತ.”

ಚನ್ನತ್ತೆ ಸೆರಗು ಎಳೆದುಕೊಂಡು ಆಗಲೇ ಹಿಂದಕ್ಕೆ ತಿರುಗಿದ್ದಳು. ಟೀಚರಮ್ಮನ ಮುಖ ಕೆಂಪಾಯಿತು. ಎದ್ದರು, ಬಾಗಿಲಿಗೆ ನಡೆದರು, ಚನ್ನತ್ತೆಯ ಕೈ ಹಿಡಿದರು. “ಕರೆದಿದ್ದು ನಾನೇ. ಬನ್ನಿ, ಎಲ್ಲರೂ ಒಳಗೆ ಬನ್ನಿ.”

ನನಗೆ ಕುಣಿಯುವಂತಾಯಿತು! ಡಾಕ್ಟರಮ್ಮ ಕೀಲಿ ತಿರುಗಿಸಿ ಮುಳ್ಳು ಇಟ್ಟರು. ಪೆಟ್ಟಿಗೆ ಗರಗರ ಎಂದು ಗಂಟಲು ಸರಿಮಾಡಿಕೊಂಡು ಹಾಡತೊಡಗಿತು. ಚನ್ನತ್ತೆ ಬಾಯಿ ಬಿಟ್ಟುಕೊಂಡು ಕೇಳಿದಳು. ಎರಡನೇ ಸಲ ಹಾಕಿದಾಗ ಮೆಲ್ಲಗೆ ಅದರ ಜೊತೆ ಗುನುಗಿದಳು. “ಯಾರಮ್ಮ ಅದು? ಸ್ವಲ್ಪ ಗಟ್ಟಿಯಾಗಿ ಹಾಡಿ” ಎಂದರು ಡಾಕ್ಟರಮ್ಮ. ಚನ್ನತ್ತೆ ಬೀಸುವ ಪದವೊಂದನ್ನು ಎತ್ತಿಕೊಂಡಳು. ಮೊದಲು ಬಾಗಿಲಲ್ಲೇ ನಿಂತಿದ್ದವರೆಲ್ಲ ಸೊಲ್ಲು ಕೂಡಿಸಿದರು. ಆಮೇಲೆ ಪೆಟ್ಟಿಗೆಯನ್ನು ಕೇಳಿದವರು ಯಾರು!

ಆ ಸಂಜೆ ಹಿಟ್ಟು ನಾದುತ್ತ ಚನ್ನತ್ತೆ, “ಆ ಮಾತು ಇನ್ನೊಂದ್ಸಲ ಹೇಳೇ” ಎಂದಳು. ಹೇಳಿದೆ. ಕಲ್ಲುಸಕ್ಕರೆ ಅವಳ ಸೆರಗಿನ ಗಂಟಿನಲ್ಲಿ ಹಾಗೆಯೇ ಇತ್ತು.

ಈಗ ರೈಲಿನಲ್ಲಿ ಎಲ್ಲ ಹೆಂಗಸರಿಗೂ ಒಂದೇ ಹೆಸರು, ‘ಮಹಿಳೆಯರು’. ಅದು ಬಹಳ ಒಳ್ಳೆಯದಾಯಿತು, ಸಂತೋಷ. ಮಹಿಳಾ ಸಮಾಜದ ಕಾರ್ಡೂ ನನಗೆ ಅಂಚೆಯಲ್ಲಿ ತಪ್ಪದೆ ಬರುತ್ತದೆ, ‘ಸಮಸ್ತ ಮಹಿಳೆಯರಿಗೂ ಸುಸ್ವಾಗತ’ ಎಂದು. ನಮ್ಮ ಯಜಮಾನರು ಹೋಗಿ ಬಹಳ ಕಾಲವಾಯಿತು. ಕುಂಕುಮದ ಬಟ್ಟಲು ನನ್ನನ್ನೂ ದಾಟಿ ಮುಂದಕ್ಕೆ ಹೋಗುತ್ತದೆ. ಕಾರ್ಡು ಓದಿ ಮಡಿಸಿಡುತ್ತೇನೆ. ಹೊಸ್ತಿಲು ಬಿಟ್ಟು ಕದಲದೆ, ಈ ಮನೆಯಲ್ಲಿ ಇನ್ನೂ ಯಾರಿದ್ದಾರೆ, ಅವರನ್ನೂ ಕರೆಯಬೇಕು ಎಂದು ಹಟ ಹಿಡಿಯುವ ಹುಡುಗಿ ಮಾತ್ರ ಬರುವುದಿಲ್ಲ.