ಸೆರಗಿನ ಗಂಟಿನಲ್ಲಿ ಒಂದು ಡಜನ್ ಹಸಿರು ಬಳೆ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಲಿಂಗಸುಗೂರಿನ ಮೊದಲ ಬಸ್ಸು ಗುರುಗುಟ್ಟುತ್ತಿದೆ. ಗೋಡೆಯ ಬುಡದಲ್ಲಿ ಮುಸುಕು ಹಾಕಿ ಮಲಗಿರುವ ಒಬ್ಬೊಬ್ಬ ಹೆಂಗಸಿನ ಪಕ್ಕದಲ್ಲೂ ಪಂಪಮ್ಮ ಕುಕ್ಕರಿಸುತ್ತಾರೆ. ಮುಖ ನೋಡುವುದಿಲ್ಲ, ಮುಂಗೈ ನೋಡುತ್ತಾರೆ. ಹುಡುಕುತ್ತಿರುವುದು ಅಂಬಮ್ಮನನ್ನು. ಆಕೆ ಹೋಗಿ ಏಳು ತಿಂಗಳಾಯಿತು.

ಐವತ್ತೆಂಟರ ಪಂಪಮ್ಮ ದಿಕ್ಕಿಲ್ಲದ ಹೆಂಗಸರಿಗೆ ನೆರಳು ಕೊಡಲು ನಿಂತು ಹತ್ತು ವರ್ಷ. ತುರ್ವಿಹಾಳದ ಗದ್ದೆಗಳಲ್ಲಿ ನಾಟಿ ಹಚ್ಚುತ್ತಿದ್ದವರು. ಗಂಡ ತೀರಿದ ಮೇಲೆ ಮೈದುನ ಹೊರಹಾಕಿದ. ಎರಡು ವರ್ಷ ಇದೇ ಗೋಡೆಯ ಬುಡವೇ ಮನೆ. ಆಮೇಲೆ ಇಸ್ಮಾಯಿಲ್‌ಸಾಬರ ಅಕ್ಕಿ ಗಿರಣಿಯಲ್ಲಿ ಕಸ ಗುಡಿಸಿದರು. 1984ರಲ್ಲಿ ಗಿರಣಿ ನಿಂತಾಗ ಸಾಬರು ಗೋದಾಮಿನ ಕೀಲಿಯನ್ನು ಇವರ ಕೈಗಿಟ್ಟರು. ಕಾಲುವೆ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತದ ಮೂಟೆಗಳಿಗೆ ಎಷ್ಟೊಂದು ಸೂರು ಎದ್ದಿವೆ! ಬೀದಿಗೆ ಬಿದ್ದ ಹೆಂಗಸರಿಗೆ ಸಿಕ್ಕಿದ್ದು ಈ ತೂತುಬಿದ್ದ ತಗಡು.

ಈಗ ಅಲ್ಲಿ ಹದಿನಾಲ್ಕು ಮಂದಿ. ಹೆಚ್ಚಿನವರನ್ನು ಮನೆಯವರೇ ಬಸ್ಸು ಹತ್ತಿಸಿ ಕೈತೊಳೆದುಕೊಂಡಿದ್ದಾರೆ. ದಿನಕ್ಕೆರಡು ಹೊತ್ತು ಜೋಳದ ಗಂಜಿ, ಅದೂ ಮನೆಮನೆ ತಿರುಗಿ ತಂದ ಹಿಟ್ಟಿನದು. "ಊರು ಯಾವ್ದಂತ ನಾ ಕೇಳಂಗಿಲ್ರೀ. ಕೇಳಿದ್ರ ಎದ್ದು ಹೋಗ್ತಾರ," ಎನ್ನುತ್ತಾರೆ ಪಂಪಮ್ಮ. ಕೇಳದೆಯೂ ಹೋದವರುಂಟು. ಹೋದ ವರ್ಷ ಕಾಲುವೆಯಲ್ಲಿ ತೇಲಿದ ಇಬ್ಬರ ಗುರುತು ಹಿಡಿಯಲು ಪೊಲೀಸರು ಇವರನ್ನೇ ಕರೆದರು.

ಅಂಬಮ್ಮನನ್ನು ಗಂಡ ಮಸ್ಕಿಯ ಬಸ್ಸಿನಿಂದ ಇಳಿಸಿ, ಚಹಾ ತರುತ್ತೇನೆಂದು ಹೋದವನು ಒಂಬತ್ತು ವರ್ಷವಾದರೂ ಬಂದಿರಲಿಲ್ಲ. ಅವನಿದ್ದಾನೆ ಎನ್ನಲು ಆಕೆಗಿದ್ದದ್ದು ಕೈಯ ಹಸಿರು ಬಳೆಗಳಷ್ಟೇ. ಮುಂಗೈ ಬಾತು, ಬಳೆಗಳು ಹೂತು ಕೀವಾಯಿತು. ಆಕೆ ಜ್ವರದಲ್ಲಿ ಮೈಮರೆತಿದ್ದಾಗ ಪಂಪಮ್ಮ ಅವನ್ನೆಲ್ಲ ಒಡೆದು ತೆಗೆದರು. ಮುತ್ತೈದೆಯ ಕೈ ಬರಿದಾಗಿ ಬಿಡಬಾರದು. ಹೊಸ ಬಳೆ ಇಡುವ ತನಕ ಹಸಿರು ದಾರವನ್ನಾದರೂ ಕಟ್ಟುವುದು ಮನೆಗಳ ರೂಢಿ. ಗಾಯ ತೊಳೆಯುವ ಅವಸರದಲ್ಲಿ ಪಂಪಮ್ಮ ಅದನ್ನು ಮರೆತರು.

"ಎಚ್ಚರಾಗಿ ಕೈ ನೋಡ್ಕೊಂಡ್ಲು. ಅವ ಸತ್ತಾನೇನು ಅಂದ್ಲು. ಇಲ್ಲಬೇ, ಕೈ ಬಾತಿತ್ತು ಅಂದೆ. ನನ್ನ ಕೈ ನೋಡಿದ್ಲು, ನಂದೂ ಬೋಳು. ನಂಬಲಿಲ್ಲ," ಎನ್ನುತ್ತಾರೆ ಪಂಪಮ್ಮ. "ಅವ ಇದ್ದಾನೋ ಇಲ್ಲೋ ನನಗೇನ್ ಗೊತ್ರೀ? ಆಕಿ ಪಾಲಿಗಿದ್ದ. ನಾನ ಕೊಂದೆ."

ಅವತ್ತು ಗಂಜಿ ಕಾಸಿ ತರುವಷ್ಟರಲ್ಲಿ ಅಂಬಮ್ಮ ಇರಲಿಲ್ಲ. ಮಸ್ಕಿ, ಜವಳಗೇರಾ, ಲಿಂಗಸುಗೂರು, ಎಲ್ಲ ಕಡೆ ಹುಡುಕಿದ್ದಾಯಿತು. ಆ ಕೈ ಹೊತ್ತು ಇಷ್ಟು ದಿನ ಉಳಿದಿರಲಾರಳು, ಬಿಟ್ಟುಬಿಡು ಎಂದು ಇಸ್ಮಾಯಿಲ್‌ಸಾಬರು ಹೇಳುತ್ತಲೇ ಇದ್ದಾರೆ. ಪಂಪಮ್ಮನಿಗೂ ಅದು ಗೊತ್ತಿಲ್ಲದೆ ಇಲ್ಲ.

ಗೋಡೆಯ ಬುಡದ ಕೊನೆಯ ಹೆಂಗಸೂ ಅಂಬಮ್ಮನಲ್ಲ. ಪಂಪಮ್ಮ ಸೆರಗಿನ ಗಂಟು ಬಿಚ್ಚಿ ಹಸಿರು ಬಳೆಗಳು ಒಡೆದಿವೆಯೇ ಎಂದು ನೋಡುತ್ತಾರೆ.

"ಒಮ್ಮೆ ಇಟ್ಟುಬಿಟ್ರ ಸಾಕ್ರೀ. ಮದ್ಲ ದೊಡ್ಡ ಅಳತೀವು ತಂದಿದ್ದೆ, ಬಾತ ಕೈಗಂತ. ಮೊನ್ನಿ ಸಣ್ಣವು ಬದಲಿ ಮಾಡ್ಕೊಂಡು ಬಂದೀನಿ. ಏಳು ತಿಂಗಳು ಉಪಾಸಿದ್ದ ಕೈ ಅಲ್ರೀ."